ನೀಲಿ ಕ್ರೇಫಿಶ್‌: ಗಂಡೋ ಹೆಣ್ಣೋ ತಿಳಿಯುವ ಬಗೆ

ನಮಸ್ಕಾರ. ಸಿಗಡಿಯನ್ನು ಹೋಲುವ ಸಿಹಿನೀರಿನ ಜೀವಿಯಾದ ಕ್ರೇಫಿಶ್‌ನಲ್ಲಿ ದೊಡ್ಡ ಇಕ್ಕುಳವಿರುವುದು ಗಂಡು ಎಂಬ ಅಂಗಡಿಯವರ ಮಾತನ್ನು ನಂಬಬಹುದೇ ಎಂದು ಕೇಳಿದ್ದೀರಿ. ಅದೊಂದನ್ನೇ ನೆಚ್ಚಿಕೊಳ್ಳಬೇಡಿ; ಮುರಿದ ಇಕ್ಕುಳ ಮತ್ತೆ ಬೆಳೆಯುವಾಗ ಗಂಡಿನಲ್ಲಿಯೂ ಚಿಕ್ಕದಾಗಿಯೇ ಕಾಣುತ್ತದೆ.

ನಿಮ್ಮದು ಫ್ಲಾರಿಡಾ ಮೂಲದ ಪ್ರೊಕ್ಯಾಂಬರಸ್ ಅಲೆನಿ ಎಂಬ ಜಾತಿಯ ಕ್ರೇಫಿಶ್ ಆಗಿದ್ದರೆ, ಅದನ್ನು ಸ್ವಲ್ಪ ನೀರಿರುವ ಗಾಜಿನ ಪಾತ್ರೆಯಲ್ಲಿಟ್ಟು ಕೆಳಗಿನಿಂದ ನೋಡಿ. ಬಾಲದಡಿಯ ಈಜುಗಾಲುಗಳಲ್ಲಿ ಮೊದಲ ಎರಡು ಜೋಡಿ ಗಟ್ಟಿ ಕಡ್ಡಿಗಳಂತೆ ಮುಂದಕ್ಕೆ ಚಾಚಿ, ಕೊನೆಯ ನಡೆಗಾಲುಗಳ ನಡುವೆ ಮಡಚಿಕೊಂಡಿದ್ದರೆ ಅದು ಗಂಡು. ಹೆಣ್ಣಿನಲ್ಲಿ ಅಂತಹ ಕಡ್ಡಿಗಳಿರುವುದಿಲ್ಲ. ಬದಲಿಗೆ ಕೊನೆಯ ಎರಡು ಜೋಡಿ ನಡೆಗಾಲುಗಳ ನಡುವೆ ವೀರ್ಯವನ್ನು ಕಾಪಿಡುವ ಗುಂಡಗಿನ ಸಣ್ಣ ಉಬ್ಬೊಂದು ಕಾಣುತ್ತದೆ. ಇಕ್ಕುಳವನ್ನೂ ಸೇರಿಸಿ ಎಣಿಸಿದರೆ, ಮೂರನೆಯ ಜೋಡಿ ಕಾಲುಗಳ ಬುಡದಲ್ಲಿ ಹೆಣ್ಣಿನ ಜನನರಂಧ್ರಗಳಿರುತ್ತವೆ.

ಜೀವಿಯನ್ನು ಹಿಡಿಯಲು ಅಳುಕಿದ್ದರೆ ಅದು ಕಳಚಿದ ಚಿಪ್ಪನ್ನೇ ಪರೀಕ್ಷಿಸಿ, ಈ ಗುರುತುಗಳೆಲ್ಲ ಅದರಲ್ಲಿಯೂ ಉಳಿದಿರುತ್ತವೆ. ನೋಡಿದ ಮೇಲೆ ಮರಳಿ ತೊಟ್ಟಿಗೆ ಹಾಕಿ, ಕ್ಯಾಲ್ಸಿಯಂಗಾಗಿ ಅದು ತನ್ನ ಚಿಪ್ಪನ್ನು ತಾನೇ ತಿನ್ನುತ್ತದೆ.

ಆಸ್ಟ್ರೇಲಿಯಾದ ಚೆರಾಕ್ಸ್ ಕುಲದ ಕ್ರೇಫಿಶ್‌ಗಳಿಗೆ ಮಾತ್ರ ಕಡ್ಡಿಗಳ ಈ ಗುರುತು ಅನ್ವಯಿಸುವುದಿಲ್ಲ. ಅಮೃತಶಿಲೆಯಂತಹ ಮಚ್ಚೆಗಳಿರುವ ಮಾರ್ಬಲ್ಡ್ ಕ್ರೇಫಿಶ್ ಆಗಿದ್ದರಂತೂ ಎಲ್ಲವೂ ಹೆಣ್ಣೇ, ಒಂಟಿಯಾಗಿದ್ದರೂ ಮೊಟ್ಟೆಯಿಟ್ಟು ಮರಿ ಮಾಡುತ್ತವೆ.