ಖರ್ಚಿಗೆ ಮೊದಲು ಕೇಳಬೇಕಾದ ಪ್ರಶ್ನೆಗಳು

ಮಾನ್ಯರೇ,

ಕೇಂದ್ರದ ಆರ್ಥಿಕ ವ್ಯವಹಾರಗಳ ಸಂಪುಟ ಸಮಿತಿ, ಅಂದರೆ ದೊಡ್ಡ ಯೋಜನೆಗಳಿಗೆ ಒಪ್ಪಿಗೆ ಕೊಡುವ ಸಚಿವರ ಸಮಿತಿ, ಖರ್ಚಿನ ಪ್ರಸ್ತಾವಗಳನ್ನು ಹೇಗೆ ಪರಿಶೀಲಿಸುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ತಮಗೆ ಹಿಡಿಸಿಲ್ಲ. ‘ಜನ ಆರಿಸಿ ಕಳಿಸಿದ ಸಚಿವರು ಒಂದು ಯೋಜನೆ ಬೇಕೆಂದ ಮೇಲೆ ಹಣಕಾಸು ಸಚಿವಾಲಯದವರು ತಿಂಗಳುಗಟ್ಟಲೆ ಆಕ್ಷೇಪಣೆ ಬರೆಯುವುದೇಕೆ? ಕೊನೆಗೆ ಸಮಿತಿ ಒಂದೇ ಸಭೆಯಲ್ಲಿ ಒಪ್ಪಿಗೆ ಕೊಡುವುದಾದರೆ ನಡುವಿನ ಈ ಕಸರತ್ತು ಯಾರಿಗಾಗಿ?’ ಎಂದು ಕೇಳಿದ್ದೀರಿ. ಮೂವತ್ತು ವರ್ಷ ಎಂಜಿನಿಯರ್ ಆಗಿ ದುಡಿದವರ ಅನುಭವ ತಮ್ಮ ಪತ್ರದ ಪ್ರತಿ ಸಾಲಿನಲ್ಲೂ ಇರುವುದರಿಂದ ಚುಟುಕಾಗಿ ಉತ್ತರಿಸಲು ಮನಸ್ಸಾಗಲಿಲ್ಲ.

ವಿಳಂಬದ ಬಗ್ಗೆ ತಾವು ಹೇಳಿದ್ದು ನಿಜ. ಕಡತ ಮೇಜಿನ ಮೇಲೆ ಮಲಗಿದಷ್ಟು ದಿನವೂ ಸಿಮೆಂಟು, ಕಬ್ಬಿಣಗಳ ಬೆಲೆ ಏರುತ್ತಲೇ ಇರುತ್ತದೆ. ಆದರೆ ಇದಕ್ಕಿಂತ ಹೆಚ್ಚಿಗೆ ತಮ್ಮೊಂದಿಗೆ ಒಪ್ಪಲು ನನ್ನಿಂದಾಗದು.

ಸಮಿತಿ ಒಂದೇ ಸಭೆಯಲ್ಲಿ ತೀರ್ಮಾನಿಸುವುದು ಸಾಧ್ಯವಾಗುವುದೇ ಅದಕ್ಕೆ ಮೊದಲು ನಡೆದ ಕೆಲಸದಿಂದ. 2016ರಲ್ಲಿ ಹಣಕಾಸು ಸಚಿವಾಲಯ ಹೊರಡಿಸಿದ ಆದೇಶದಂತೆ 500 ಕೋಟಿ ರೂಪಾಯಿ ಮೀರಿದ ಯೋಜನೆಯನ್ನು ವೆಚ್ಚ ಹಣಕಾಸು ಸಮಿತಿ ಎಂಬ ಅಧಿಕಾರಿಗಳ ಸಮಿತಿ ಮೊದಲು ತೂಗಿ ನೋಡಬೇಕು. 1,000 ಕೋಟಿ ಮೀರಿದರೆ ಅದು ಸಂಪುಟದ ಅಥವಾ ಸಂಪುಟ ಸಮಿತಿಯ ಒಪ್ಪಿಗೆಗೆ ಹೋಗಬೇಕು. ಯೋಜನೆ ತಂದ ಸಚಿವಾಲಯ ಸಂಪುಟ ಟಿಪ್ಪಣಿಯ, ಅಂದರೆ ಒಪ್ಪಿಗೆ ಕೋರಿ ಸಂಪುಟದ ಮುಂದಿಡುವ ಬರಹದ, ಕರಡನ್ನು ಸಂಬಂಧಪಟ್ಟ ಇತರ ಸಚಿವಾಲಯಗಳಿಗೆ ಕಳಿಸುತ್ತದೆ. ಅವು ಬರೆದ ಅಭಿಪ್ರಾಯವೂ ಅದಕ್ಕೆ ಈ ಸಚಿವಾಲಯ ಕೊಟ್ಟ ಉತ್ತರವೂ ಅಂತಿಮ ಟಿಪ್ಪಣಿಯೊಳಗೆ ಸೇರಬೇಕು. ಪ್ರಧಾನಿ ಅಧ್ಯಕ್ಷತೆಯ ಸಮಿತಿಯ ಮುಂದೆ ಬರುವುದು ಹೀಗೆ ಪ್ರಶ್ನೋತ್ತರಗಳ ಬೆಂಕಿಯಲ್ಲಿ ಬೆಂದು ಬಂದ ಕಾಗದ. ತಾವು ಕಸರತ್ತು ಎಂದಿರುವುದು ಇದನ್ನೇ, ನನ್ನ ಪಾಲಿಗೆ ಪರಿಶೀಲನೆಯ ಜೀವವೂ ಇದೇ.

ಆರ್ಥಿಕ ಇಲಾಖೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ನನಗೆ ಹೇಳಿದ ಸಂಗತಿ ಇದು. ವಿದ್ಯಾರ್ಥಿನಿಲಯಗಳನ್ನು ಕಟ್ಟುವ ಪ್ರಸ್ತಾವವೊಂದು ಅವರ ಮುಂದೆ ಬಂದಿತ್ತು. ಅಂದಾಜು ಪಟ್ಟಿಯಲ್ಲಿ ಅಡಿಪಾಯದಿಂದ ಸುಣ್ಣಬಣ್ಣದವರೆಗೆ ಎಲ್ಲವೂ ಅಚ್ಚುಕಟ್ಟಾಗಿತ್ತು. ಅವರು ಹಸಿರು ಟಿಪ್ಪಣಿ ಹಾಳೆಯ ಮೇಲೆ ಎರಡೇ ಸಾಲು ಬರೆದರು: ‘ಕಟ್ಟಡ ಮುಗಿದ ಮರುದಿನ ಅಡುಗೆ ಮಾಡುವವರು ಯಾರು? ಅವರ ಸಂಬಳ ಯಾವ ಲೆಕ್ಕಶೀರ್ಷಿಕೆಯಿಂದ?’ ಹುಡುಕಿದರೆ ಅಡುಗೆಯವರ ಹುದ್ದೆ, ಮೇಲ್ವಿಚಾರಕರ ಹುದ್ದೆ, ವಿದ್ಯುತ್ ಬಿಲ್ಲು ಯಾವುದೂ ಪ್ರಸ್ತಾವದಲ್ಲಿರಲಿಲ್ಲ. ಕಡತ ಹಿಂದಕ್ಕೆ ಹೋಯಿತು, ನಾಲ್ಕು ತಿಂಗಳು ಕಳೆಯಿತು, ಅವರಿಗೆ ‘ಅಡ್ಡಗಾಲು’ ಎಂಬ ಹೆಸರೂ ಬಂತು. ತಿರುಗಿ ಬಂದ ಪ್ರಸ್ತಾವದಲ್ಲಿ ವರ್ಷವರ್ಷದ ಖರ್ಚು ಸೇರಿ ಮೊತ್ತ ಏರಿತ್ತು, ಕಟ್ಟಡಗಳ ಸಂಖ್ಯೆ ಇಳಿದಿತ್ತು. ಆದರೆ ಕಟ್ಟಿದ ಪ್ರತಿಯೊಂದು ನಿಲಯದಲ್ಲೂ ಮೊದಲ ದಿನವೇ ಒಲೆ ಹೊತ್ತಿತು. ಬೀಗ ಜಡಿದ ಹೊಸ ಸರ್ಕಾರಿ ಕಟ್ಟಡಗಳನ್ನು ತಾವೂ ನೋಡಿರುತ್ತೀರಿ. ಆ ಎರಡು ಸಾಲನ್ನು ಯಾರೂ ಬರೆಯದೇ ಹೋದ ಕಡತಗಳಿಂದ ಎದ್ದವು ಅವು.

ಜನ ಆರಿಸಿದವರನ್ನು ಅಧಿಕಾರಿಗಳು ಪ್ರಶ್ನಿಸಬಹುದೇ ಎಂಬ ತಮ್ಮ ಮಾತು ನ್ಯಾಯವಾಗಿ ಕಾಣಬಹುದು. ಆದರೆ ಅಧಿಕಾರಿ ಪ್ರಶ್ನೆ ಬರೆಯುತ್ತಾನೆ, ತೀರ್ಮಾನಿಸುವವರು ಸಚಿವರೇ. ಸಂವಿಧಾನದ 75ನೇ ವಿಧಿಯಂತೆ ಇಡೀ ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆ. ಒಬ್ಬ ಸಚಿವರು ಮಾಡಿದ ಖರ್ಚಿಗೆ ಎಲ್ಲರೂ ಉತ್ತರ ಕೊಡಬೇಕಾದ ಮೇಲೆ, ಖರ್ಚಿಗೆ ಮುನ್ನ ಉಳಿದವರು ಒಂದು ಮಾತು ಕೇಳುವುದು ಅತಿಕ್ರಮಣವಾಗುವುದಿಲ್ಲ. 1980ರ ದಶಕದ ಬ್ರಿಟನ್ನಿನಲ್ಲಿ ಖಜಾನೆಯೊಂದಿಗೆ, ಅಂದರೆ ಅಲ್ಲಿನ ಹಣಕಾಸು ಸಚಿವಾಲಯದೊಂದಿಗೆ, ಒಪ್ಪಂದಕ್ಕೆ ಬಾರದ ಸಚಿವರು ‘ಸ್ಟಾರ್ ಚೇಂಬರ್’ ಎಂದು ಹೆಸರಾಗಿದ್ದ ಸಂಪುಟ ಸಮಿತಿಯ ಮುಂದೆ ಕುಳಿತು ತಮ್ಮ ಬೇಡಿಕೆಯನ್ನು ಸಮರ್ಥಿಸಿಕೊಳ್ಳಬೇಕಿತ್ತು. ಕೇಳುತ್ತಿದ್ದವರೂ ಸಹ ಸಚಿವರೇ. ನಮ್ಮಲ್ಲಿ 1950ರಲ್ಲಿ ಹಣಕಾಸು ಸಚಿವ ಜಾನ್ ಮಥಾಯ್ ರಾಜೀನಾಮೆ ಕೊಟ್ಟದ್ದಕ್ಕೆ, ಪಂಚವಾರ್ಷಿಕ ಯೋಜನೆಗಳನ್ನು ರೂಪಿಸುತ್ತಿದ್ದ ಯೋಜನಾ ಆಯೋಗ ಸಂಪುಟಕ್ಕೆ ಸಮಾನಾಂತರವಾಗಿ ಬೆಳೆಯುತ್ತಿದೆ ಎಂಬ ಅಸಮಾಧಾನ ಒಂದು ಮುಖ್ಯ ಕಾರಣ. ಹಣದ ಹೊಣೆ ಯಾರದೋ ಅವರಿಗೇ ಪ್ರಶ್ನಿಸುವ ಅಧಿಕಾರವೂ ಇರಬೇಕೆಂದು ಪದವಿಯನ್ನೇ ಬಿಟ್ಟುಕೊಟ್ಟವರನ್ನು ಇವತ್ತು ಎಷ್ಟು ಮಂದಿ ನೆನೆಯುತ್ತಾರೆ!

ಒಪ್ಪಿಗೆಗೆ ಮುಂಚಿನ ಈ ಪರಿಶೀಲನೆಯ ಹಂತ ತಪ್ಪಿದರೆ ಮುಂದೆ ಕೇಳುವವರೇ ಇಲ್ಲ ಎಂಬುದನ್ನೂ ದಯವಿಟ್ಟು ಯೋಚಿಸಿ. ಲೋಕಸಭೆಯಲ್ಲಿ ಅನುದಾನ ಬೇಡಿಕೆಗಳ, ಅಂದರೆ ಸಚಿವಾಲಯಗಳು ತಮ್ಮ ಖರ್ಚಿಗೆ ಹಣ ಕೇಳುವ ಪ್ರಸ್ತಾವಗಳ, ಬಹುಪಾಲು ಚರ್ಚೆಯಿಲ್ಲದೆ ಗಿಲೊಟಿನ್ ಕ್ರಮದಲ್ಲಿ ಒಟ್ಟಾಗಿ ಅಂಗೀಕಾರವಾಗುತ್ತವೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಬರುವ ಹೊತ್ತಿಗೆ ಹಣ ಖರ್ಚಾಗಿರುತ್ತದೆ. ಯೋಜನೆಯೊಂದನ್ನು ಸಾಲು ಸಾಲಾಗಿ ಓದಿ, ಬಿಡಿಗಾಸು ಹೊರಡುವ ಮೊದಲೇ ‘ಇದು ಸಾಲದು’ ಎನ್ನಬಲ್ಲ ಜಾಗ ಇದೊಂದೇ. ನಿಜವಾದ ತುರ್ತಿಗೆ ನಿಯಮದಲ್ಲೇ ದಾರಿಯಿದೆ. ಕೇಂದ್ರ ಸರ್ಕಾರದ 1961ರ ಕಾರ್ಯಕಲಾಪ ನಿಯಮಗಳ 12ನೇ ನಿಯಮದಡಿ ಪ್ರಧಾನಿ ಕ್ರಮವನ್ನು ಸಡಿಲಿಸಬಹುದು, ಸಂಪುಟದ ಒಪ್ಪಿಗೆಯನ್ನು ಆಮೇಲೆ ಪಡೆಯಬಹುದು. ನೆರೆ ಬಂದಾಗ ಯಾರೂ ಟಿಪ್ಪಣಿಗಾಗಿ ಕಾಯಬೇಕಿಲ್ಲ.

ತಮ್ಮ ಸಿಟ್ಟು ತಪ್ಪು ವಿಳಾಸಕ್ಕೆ ಹೋಗಿದೆ ಎಂಬುದೇ ನನ್ನ ತಕರಾರು. ಯೋಜನೆಯನ್ನು ಮೊದಲು ವೇದಿಕೆಯ ಮೇಲೆ ಘೋಷಿಸಿ, ಶಂಕುಸ್ಥಾಪನೆಯ ದಿನ ಗೊತ್ತು ಮಾಡಿ, ಆಮೇಲೆ ಕಡತ ಕಳಿಸಿದರೆ ಪ್ರಶ್ನೆ ಕೇಳುವವನು ಜನದ್ರೋಹಿಯಂತೆ ಕಾಣದೆ ಇನ್ನೇನಾಗುತ್ತಾನೆ? ಹಾಗೆ ಕಾಣುವ ಭಯದಿಂದ ಅವನು ‘ಸಹಮತಿಸಿದೆ’ ಎಂದು ಬರೆದು ಮುಗಿಸುತ್ತಾನೆ. ಎರಡು ವರ್ಷದ ನಂತರ ಪರಿಷ್ಕೃತ ಅಂದಾಜು ಬರುತ್ತದೆ. ಆಗ ಅರ್ಧ ಕಟ್ಟಿದ ಸೇತುವೆಯನ್ನು ತೋರಿಸಿ ‘ಈಗ ಬೇಡವೆನ್ನಲಾದೀತೇ’ ಎಂದು ಕೇಳಲಾಗುತ್ತದೆ. ಪರಿಷ್ಕೃತ ಅಂದಾಜುಗಳನ್ನು ತಾವೇ ಎಷ್ಟು ಬಾರಿ ತಯಾರಿಸಿರಬಹುದು, ಮೊದಲ ಅಂದಾಜನ್ನು ಯಾರ ಒತ್ತಾಯಕ್ಕೆ ಇಳಿಸಿ ಬರೆದಿರಬಹುದು ಎಂಬುದನ್ನು ಪತ್ರದಲ್ಲಿ ಬರೆದಿಲ್ಲ. ಬರೆದಿದ್ದರೆ ಓದುಗರಿಗೆ ಉಪಕಾರವಾಗುತ್ತಿತ್ತು.

ಇದಕ್ಕಿಂತ ದೊಡ್ಡ ದುಃಖ ಇನ್ನೊಂದಿದೆ. ಸಚಿವಾಲಯಗಳ ನಡುವಿನ ಆ ಪ್ರಶ್ನೋತ್ತರಗಳು ಜನರ ಕಣ್ಣಿಗೆ ಬೀಳುವುದೇ ಇಲ್ಲ. ಸಭೆ ಮುಗಿದ ಮೇಲೆ ಸಿಗುವುದು ಮೊತ್ತ ಮತ್ತು ಫಲಾನುಭವಿಗಳನ್ನು ಹೇಳುವ ಪತ್ರಿಕಾ ಪ್ರಕಟಣೆ ಮಾತ್ರ. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಐ) ಸಂಪುಟದ ಕಾಗದಪತ್ರಗಳಿಗೆ ರಕ್ಷಣೆ ಕೊಡುತ್ತದೆ, ನಿಜ. ಆದರೆ ತೀರ್ಮಾನವಾಗಿ ವಿಷಯ ಪೂರ್ಣಗೊಂಡ ಮೇಲೆ ಆ ತೀರ್ಮಾನವನ್ನೂ ಅದರ ಕಾರಣಗಳನ್ನೂ ಆಧಾರವಾದ ಸಾಮಗ್ರಿಯನ್ನೂ ಬಹಿರಂಗಪಡಿಸಬೇಕೆಂದು ಅದೇ ಖಂಡದ ಪರಂತುಕ (ವಿನಾಯಿತಿಗೆ ಮಿತಿ ಹಾಕುವ ಷರತ್ತು) ಹೇಳುತ್ತದೆ. ಉದ್ಘಾಟನೆಯಾದ ಕಟ್ಟಡವೊಂದರ ಟಿಪ್ಪಣಿ ಕೇಳಿ ನಾನು ಅರ್ಜಿ ಹಾಕಿದ್ದೆ. ‘ವಿಷಯ ಇನ್ನೂ ಪೂರ್ಣಗೊಂಡಿಲ್ಲ’ ಎಂಬ ಒಂದೇ ಸಾಲಿನ ಉತ್ತರ ಬಂತು. ಆ ಕಟ್ಟಡದ ಗೋಡೆಯಲ್ಲಿ ಆಗಲೇ ತೇವ ಕಾಣಿಸಿಕೊಂಡಿತ್ತು.

ತಮಗೆ ವ್ಯವಧಾನವಿದ್ದರೆ ಒಂದು ಕೆಲಸ ಮಾಡಿ. ತಾವು ಬಲ್ಲ, ಮುಗಿದು ಹೋದ ಒಂದು ಯೋಜನೆಯನ್ನು ಆರಿಸಿಕೊಂಡು ಅರ್ಜಿ ಹಾಕಿ. ಇಡೀ ಕಡತ ಕೇಳಬೇಡಿ. ಹಣಕಾಸು ಸಚಿವಾಲಯ ಕೊಟ್ಟ ಅಭಿಪ್ರಾಯ ಮತ್ತು ಅದಕ್ಕೆ ಯೋಜನೆ ತಂದ ಸಚಿವಾಲಯ ಬರೆದ ಉತ್ತರ, ಇವೆರಡನ್ನೇ ಪರಂತುಕವನ್ನು ಉಲ್ಲೇಖಿಸಿ ಕೇಳಿ. ಬಂದ ಉತ್ತರ ಏನೇ ಇರಲಿ, ನಮಗೆ ಕಳಿಸಿಕೊಡಿ. ತಮ್ಮ ಎಂಜಿನಿಯರ್ ಕಣ್ಣಿಗೆ ಅದರಲ್ಲಿ ಕಂಡದ್ದನ್ನು ಜೊತೆಗೆ ಬರೆದರೆ ಎರಡನ್ನೂ ಪ್ರಕಟಿಸುತ್ತೇವೆ.

– ಸಂಪಾದಕ