ಸ್ಟೆಡ್‌ಫಾಸ್ಟ್ ಎಲ್ಲಿ ಹೊಂದುತ್ತೆ, ಎಲ್ಲಿ ಹೊಂದಲ್ಲ

'ಐ ಆಮ್ ಸ್ಟೆಡ್‌ಫಾಸ್ಟ್ ಟು ವೇಕ್ ಅಪ್ ಅರ್ಲಿ' ಅಂತ ಬರೆಯಬಹುದಾ, ಸ್ಟಬರ್ನ್‌ಗೂ (ಹಠಮಾರಿ) ಸ್ಟೆಡ್‌ಫಾಸ್ಟ್‌ಗೂ ಏನು ವ್ಯತ್ಯಾಸ ಅಂತ ಕೇಳಿದ್ದೀರಿ. ಆ ವಾಕ್ಯ ಸರಿಯಲ್ಲ. ಅಲ್ಲಿ ಬೇಕಾದದ್ದು ಡಿಟರ್ಮಿನ್ಡ್. ಬೇಗ ಏಳಬೇಕು, ತೂಕ ಇಳಿಸಬೇಕು ಅಂತ ಮುಂದೆ ಮಾಡೋ ಕೆಲಸಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡರೆ ಡಿಟರ್ಮಿನ್ಡ್. ಸ್ಟೆಡ್‌ಫಾಸ್ಟ್ ಆಗಬೇಕಾದರೆ ನೀವು ಈಗಾಗಲೇ ಒಂದು ಕಡೆ ನಿಂತಿರಬೇಕು. ಯಾರೋ ಒತ್ತಡ ಹಾಕುತ್ತಿರಬೇಕು, ಇಲ್ಲವೇ ಕಷ್ಟ ಬಂದಿರಬೇಕು. ಆದರೂ ನೀವು ಜಗ್ಗಬಾರದು. ಆ ಒತ್ತಡವೇ ಇಲ್ಲದಿದ್ದರೆ ಈ ಪದ ಸಪ್ಪೆ.

ಇದರಲ್ಲಿನ 'ಸ್ಟೆಡ್' ಅಂದರೆ ಜಾಗ. ಇನ್‌ಸ್ಟೆಡ್‌ನಲ್ಲಿ ಇರುವುದೂ ಅದೇ. 'ಫಾಸ್ಟ್' ಇಲ್ಲಿ ವೇಗ ಅಲ್ಲ, ಬಿಗಿಯಾಗಿ ಕೂತದ್ದು. ಬಣ್ಣ ಬಿಡದ ಬಟ್ಟೆಗೆ ಕಲರ್‌ಫಾಸ್ಟ್ ಅಂತಾರಲ್ಲ, ಆ ಫಾಸ್ಟ್. ಇಂಗ್ಲೆಂಡಿನ ಮಾಲ್ಡನ್‌ನಲ್ಲಿ 991ರಲ್ಲಿ ನಡೆದ ಕದನದ ಬಗ್ಗೆ ಒಂದು ಹಳೆಯ ಇಂಗ್ಲಿಷ್ ಕಾವ್ಯ ಇದೆ. ನಿಂತ ಜಾಗ ಬಿಟ್ಟು ಕದಲದ ಯೋಧರಿಗೆ ಅದರಲ್ಲೂ ಇದೇ ಪದ ಬಳಸಿದ್ದಾರೆ.

ಬಳಸುವಾಗ ಮುಂದೆ 'ಇನ್' ಹಾಕಿ, 'ಟು' ಜೊತೆ ಕ್ರಿಯಾಪದ ಬೇಡ. 'ಶಿ ರಿಮೇನ್ಡ್ ಸ್ಟೆಡ್‌ಫಾಸ್ಟ್ ಇನ್ ಹರ್ ರಿಫ್ಯೂಸಲ್ ಟು ಸೈನ್.' ಎಷ್ಟು ಒತ್ತಾಯ ಮಾಡಿದರೂ ಸಹಿ ಹಾಕಲಿಲ್ಲ ಅಂತ. ಇಲ್ಲಿ 'ರಿಮೇನ್ಡ್' ಗಮನಿಸಿ. ಇದರ ಜೊತೆ ಜಾಸ್ತಿ ಬರುವ ಕ್ರಿಯಾಪದ ಅದೇ. ಸ್ಟೆಡ್‌ಫಾಸ್ಟ್ ಸಪೋರ್ಟ್, ಸ್ಟೆಡ್‌ಫಾಸ್ಟ್ ಫ್ರೆಂಡ್ ಅಂತಲೂ ಬರೆಯಬಹುದು. ಅಲುಗಾಡದ ಮೇಜಿಗೆ ಮಾತ್ರ ಬೇಡ, ಅದಕ್ಕೆ ಸ್ಟೆಡಿ ಸಾಕು.

ಇನ್ನು ಸ್ಟಬರ್ನ್. ಎರಡರಲ್ಲೂ ಪಟ್ಟು ಬಿಡದಿರುವುದು ಇದ್ದೇ ಇದೆ. ಹೇಳುವವರಿಗೆ ಆ ಪಟ್ಟು ಮೆಚ್ಚುಗೆಯಾದರೆ ಸ್ಟೆಡ್‌ಫಾಸ್ಟ್, ತಲೆನೋವಾದರೆ ಸ್ಟಬರ್ನ್, ಅಲ್ವಾ? ಹಾಗಾಗಿ ಕೆಲಸದ ಅರ್ಜಿಯಲ್ಲಿ 'ಐ ಆಮ್ ಎ ಸ್ಟೆಡ್‌ಫಾಸ್ಟ್ ಪರ್ಸನ್' ಅಂತ ಬರೆಯಬೇಡಿ. ತನ್ನನ್ನು ತಾನೇ ಹೊಗಳಿಕೊಂಡ ಹಾಗೆ ಕೇಳಿಸುತ್ತೆ.

ಸ್ಟಾಂಚ್ ಅಂದರೂ ಸ್ಟೆಡ್‌ಫಾಸ್ಟೇನಾ ಅಂತ ಯಾರೋ ಕೇಳಿದ್ದರು. ಹತ್ತಿರದ್ದೇ, ಆದರೆ ಅದು ಒಂದು ಪಕ್ಷ ಹಿಡಿದವರಿಗೆ: ಸ್ಟಾಂಚ್ ಸಪೋರ್ಟರ್, ಸ್ಟಾಂಚ್ ಕ್ರಿಟಿಕ್.

ಮಾತಾಡುವಾಗ ಸ್ಟೆಡ್‌ಫಾಸ್ಟ್, ಸ್ಟಾಂಚ್ ಅಷ್ಟಾಗಿ ಬೇಕಾಗಲ್ಲ. ಸುಮ್ನೆ 'ಶಿ ಸ್ಟಕ್ ಟು ಹರ್ ಡಿಸಿಷನ್' ಅನ್ನಿ.