ಡ್ರ್ಯಾಗನ್–ಕುಬ್ಜರ ಯುದ್ಧ ಮೂರನೆಯ ಅಧ್ಯಾಯಕ್ಕೇ ಮುಗಿದುಹೋಗುವುದೇಕೆ?
ಡ್ರ್ಯಾಗನ್‌ಗಳು ನೀವು ಬರೆಯುತ್ತಿರುವ ಕಾದಂಬರಿಯ ಮೂರನೆಯ ಅಧ್ಯಾಯದಲ್ಲೇ ಕುಬ್ಜರನ್ನು ಗೆದ್ದುಬಿಡುವುದಕ್ಕೆ ಬಹುಶಃ ಅವುಗಳ ದೇಹಬಲ ಕಾರಣವಲ್ಲ, ಅವುಗಳ ಹಸಿವನ್ನು ನೀವು ಲೆಕ್ಕಕ್ಕೆ ಹಿಡಿಯದಿರುವುದೇ ಕಾರಣ. ಮೊದಲು ಒಂದು ಡ್ರ್ಯಾಗನ್‌ಗೆ ದಿನಕ್ಕೆ ಬೇಕಾಗುವ ಮಾಂಸವೆಷ್ಟು, ಅದನ್ನು ಗಡಿಗೆ ತಲುಪಿಸುವ ರೈಲುಮಾರ್ಗ ಯಾವುದು ಎಂಬುದನ್ನು ನಿಗದಿಪಡಿಸಿ. ಆಮೇಲೆ ಆ ಹಳಿ ಮುಗಿಯುವ ನಿಲ್ದಾಣವನ್ನು ವಿವರವಾಗಿ ಚಿತ್ರಿಸಿ. 1866ರ ಆಸ್ಟ್ರಿಯಾ–ಪ್ರಶ್ಯಾ ಯುದ್ಧದಲ್ಲಿ ರೈಲು ಸೈನಿಕರನ್ನು ಬೇಗನೆ ಗಡಿಗೆ ಮುಟ್ಟಿಸಿದರೂ, ಮುಂದಕ್ಕೆ ಸಾಗಿಸುವ ವ್ಯವಸ್ಥೆ ಸಾಲದೆ ಆಹಾರಸಾಮಗ್ರಿ ನಿಲ್ದಾಣಗಳಲ್ಲೇ ರಾಶಿಬಿದ್ದು ಹಾಳಾಯಿತು. ಇಳಿಸುವವರಿಲ್ಲದ ವ್ಯಾಗನ್ನಿನಲ್ಲಿ ಕೊಳೆಯುತ್ತಿರುವ ಮಾಂಸ, ಬದಿಯಲ್ಲೇ ಹಸಿದು ರೆಕ್ಕೆ ಮಡಚಿ ಕುಳಿತ ಡ್ರ್ಯಾಗನ್: ನಿಮ್ಮ ಯುದ್ಧದ ನಿಜವಾದ ತಿರುವು ಅಲ್ಲಿದೆ. ಕೊನೆಗೆ, ಸುರಂಗ ತೋಡುವುದರಲ್ಲಿ ನಿಪುಣರಾದ ಕುಬ್ಜರಿಂದ ಆ ಹಳಿಯ ಸೇತುವೆಯನ್ನೇ ಸಿಡಿಸಿ. ಡ್ರ್ಯಾಗನ್‌ಗಳು ಬೆಂಕಿ ಉಗುಳುತ್ತವೆಯೋ ಇಲ್ಲವೋ ನೀವು ಬರೆದಿಲ್ಲ. ಉಗುಳುವುದಾದರೆ ಕುಬ್ಜರ ಸಿಡಿಮದ್ದಿನ ಉಗ್ರಾಣವನ್ನು ನೆಲದಡಿಗೆ ಸರಿಸುವುದು ಮೇಲು.